570 ಕಿಲೋಮೀಟರ್ ಆಳದ ಕಲ್ಲು ಮಾಡೋದು ಹೆಂಗ, ಅದರಾಗ ನೀರು ಎಲ್ಲಿರತೈತಿ

ಭೂಮಿ ಒಳಗ ಐನೂರು ಆರನೂರು ಕಿಲೋಮೀಟರ್ ಕೆಳಗ ದೊಡ್ಡ ಸಮುದ್ರ ಸಿಕ್ಕೈತಿ ಅನ್ನೋ ಮೆಸೇಜ್ ನಿಮಗೂ ಯಾವಾಗರ ಬಂದಿರಬೇಕು. ನಮ್ಮ ಫ್ಯಾಮಿಲಿ ಗ್ರೂಪಿನ್ಯಾಗ ಬ್ಯಾಸಗಿ ಹತ್ತಿದ್ರ ಸಾಕು ಅದು ತಿರಗಿ ಬರತೈತಿ. ಕಳಸೋರು ನಮ್ಮ ಇಂಡಿ ಮಾಮಾ, ಅವರದು ಲಿಂಬಿ ತ್ವಾಟ, ಅಲ್ಲಿ ನೀರಿನ ಕಥಿ ಏನಂತ ಇಂಡಿ ತಾಲೂಕಿನವರಿಗೆ ನಾ ಹೇಳೋದು ಬ್ಯಾಡ. ಹೋದ ಸಲ ಊರಿಗೆ ಬಂದಾಗ ಎದುರಿಗೇ ಕೂಡಿಸಿಕೊಂಡು ಕೇಳಿದ್ರು, "ಯವ್ವಾ, ನೀ ಇದನ್ನ ಓದೀಯಂತಲ್ಲ, ಎಷ್ಟ ಫೂಟಿಗೆ ಸಿಗತೈತಿ ಹೇಳು, ಬೋರಿನ ಗಾಡಿ ಕರಸ್ತೀನಿ." ನಾ ಮೊಬೈಲಿನ್ಯಾಗ ಲೆಕ್ಕಾ ಹಾಕಿ 18 ಲಕ್ಷ 70 ಸಾವಿರ ಫೂಟು ಅಂದೆ. ಎಲ್ಲಾರೂ ನಕ್ಕರು. ಆದ್ರ ಮಾಮಾ ಅಷ್ಟಕ್ಕ ಬಿಡೋ ಪೈಕಿ ಅಲ್ಲ, "ಹಂಗಾರ ಅಲ್ಲಿಗೆ ಯಾರ ಹೋಗಿ ನೋಡ್ಯಾರ? ಸುಳ್ಳ ಹೇಳ್ತಾರೇನು?" ಅಂತ ಎರಡನೇ ಪ್ರಶ್ನಿ ಒಗದ್ರು. ಅದು ಖರೇನ ಒಳ್ಳೆ ಪ್ರಶ್ನಿ, ನಮ್ಮ ಇಡೀ ಲ್ಯಾಬ್ ನಿಂತಿದ್ದ ಅದರ ಮ್ಯಾಲ. ಊಟಕ್ಕ ಕುಂತಾಗ ಪೂರ್ತಿ ಹೇಳಾಕ ಆಗಲಿಲ್ಲ, ಅದಕ್ಕ ಇಲ್ಲಿ ಬರದೀನಿ.

ಯಾರೂ ಹೋಗಿಲ್ಲ, ಅದಂತೂ ಖರೆ. ಮನಷಾ ಹಾಕಿದ ಎಲ್ಲಾಕ್ಕಿಂತ ಆಳದ ಬೋರು ಅಂದ್ರ ರಷ್ಯಾದ ಕೋಲಾದಾಗಿಂದು, 1989ರಾಗ 12,262 ಮೀಟರಿಗೆ ಮುಟ್ಟಿತು, ಮುಂದ ಕಲ್ಲು ಕಾದು ಮೆತ್ತಗಾಗಿ ಡ್ರಿಲ್ ಹೋಗಲಿಲ್ಲ ಅಂತ ಕೈ ಬಿಟ್ಟರು. ಹನ್ನೆರಡು ಕಿಲೋಮೀಟರ್ ಅಂದ್ರ ಖಂಡದ ಚಿಪ್ಪಿನ ಅರ್ಧಾನೂ ದಾಟಲಿಲ್ಲ, ಮ್ಯಾಂಟಲ್ ಅನ್ನೋ ಪದರ ಶುರು ಆಗೋದ ಮೂವತ್ತೈದು ನಾಲ್ವತ್ತು ಕಿಲೋಮೀಟರಿನ ಕೆಳಗ, ಮತ್ತ ಅದು 2,890 ಕಿಲೋಮೀಟರ್ ತನಕ ಹೋಗತೈತಿ. ಕೆಳಗಿನ ಸುದ್ದಿ ನಮಗ ತಂದು ಕೊಡೋದು ಭೂಕಂಪದ ತೆರಿಗೋಳು. ಆ ತೆರಿಗೋಳ ಓಟ ಒಂದೊಂದ ಆಳದಾಗ ಒಮ್ಮಿಂದೊಮ್ಮೆ ಜೋರ ಆಗತೈತಿ, 410 ಕಿಲೋಮೀಟರಿನ್ಯಾಗ ಒಮ್ಮೆ, 660ರಾಗ ಇನ್ನೊಮ್ಮೆ. ತೆರಿ ಇಷ್ಟ ಹೇಳತೈತಿ, ಇಲ್ಲೇನೋ ಬದಲಾಗೈತಿ ಅಂತ. ಏನು ಬದಲಾಗೈತಿ ಅಂತ ಹೇಳಾಕ ಆ ಆಳದ ಒತ್ತಡ, ಆ ಆಳದ ಕಾವು ಎರಡನ್ನೂ ಮ್ಯಾಲ ಲ್ಯಾಬಿನ್ಯಾಗ ಹುಟ್ಟಸಿ, ಕಲ್ಲಿನ ಪುಡಿನ ಅದರಾಗ ಇಟ್ಟು, ಏನಾಗತೈತಿ ನೋಡಬೇಕು. ನಾ ಮಾಡೋ ಕೆಲಸ ಅದ.

ಮಾಮಾನ ಬೋರಿನ್ಯಾಗ ಮೊದಲ ಬಂದಿದ್ದು ಕರಿ ಕಲ್ಲಿನ ಪುಡಿ, ಬಸಾಲ್ಟು. ವಿಜಯಪುರದ ಗೋಳಗುಮ್ಮಟದ ಕಲ್ಲೂ ಅದ, ಹೊಲದಾಗಿನ ಎರಿ ಮಣ್ಣು ಸೈತ ಅದ ಕಲ್ಲು ಪುಡಿಯಾಗಿ ಆಗಿದ್ದು. ಸುಮಾರು 6.6 ಕೋಟಿ ವರ್ಷದ ಹಿಂದ ಮ್ಯಾಂಟಲಿನ ಮ್ಯಾಲಿನ ಭಾಗ ಕರಗಿ ಲಾವಾ ಆಗಿ ಹರದು ಬಂದಿದ್ದು. ಅಂದ್ರ ನಮ್ಮ ಕಡೆ ಜನ ಮ್ಯಾಂಟಲಿನ ಮಾಲಿನ ಮ್ಯಾಲ ಜ್ವಾಳ ಬೆಳದು ಉಣ್ಣಾಕತ್ತೀವಿ, ಆದ್ರ ಅದು ಕರಗಿ ಬಂದ ಮಾಲು, ಅಸಲಿ ಕಲ್ಲಲ್ಲ. ಅಸಲಿ ಕಲ್ಲಿನ್ಯಾಗ ಹೆಚ್ಚಿಗೆ ಇರೋದು ಆಲಿವೀನ್ ಅನ್ನೋ ಹಸಿರ ಖನಿಜ, ಮ್ಯಾಗ್ನೀಸಿಯಮ್, ಸ್ವಲ್ಪ ಕಬ್ಬಿಣ, ಸಿಲಿಕಾನ್, ಆಕ್ಸಿಜನ್ ಇಷ್ಟ. ಈ ಆಲಿವೀನನ್ನ ಒತ್ತಿಕೋತ ಹೋದ್ರ 14 ಗಿಗಾಪಾಸ್ಕಲ್ ಆಸುಪಾಸು ಅದರ ಅಣುಗೋಳು ಹೊಸಾ ನಮೂನಿ ಜೋಡಿಸಿಕೊಂಡು ವಾಡ್ಸ್ಲಿಯೈಟ್ ಆಗತೈತಿ, ಅದು 410 ಕಿಲೋಮೀಟರಿನ ಒತ್ತಡ. ಇನ್ನೂ ಒತ್ತಿದ್ರ 520ರ ಆಸುಪಾಸು ರಿಂಗ್ವುಡೈಟ್. 23 ಗಿಗಾಪಾಸ್ಕಲ್ ದಾಟಿದ್ರ ಅದೂ ಒಡದು ಬ್ರಿಜ್ಮನೈಟ್ ಮತ್ತ ಪೆರಿಕ್ಲೇಸ್ ಅಂತ ಎರಡಾಗತೈತಿ, ಅದ 660. ಒಂದ ಗಿಗಾಪಾಸ್ಕಲ್ ಅಂದ್ರ ನಮ್ಮ ಮೈಮ್ಯಾಲಿನ ಗಾಳಿ ಒತ್ತಡದ ಸುಮಾರು ಹತ್ತ ಸಾವಿರ ಪಟ್ಟು. ನನ್ನ ಟಾರ್ಗೆಟ್ 20 ಗಿಗಾಪಾಸ್ಕಲ್, ಅಂದ್ರ ಸುಮಾರು 570 ಕಿಲೋಮೀಟರ್ ಆಳದ ಒತ್ತಡ, ಮತ್ತ 1400 ಡಿಗ್ರಿ ಸೆಲ್ಸಿಯಸ್. ನೀರಿನಂಶ ಇರೋ ರಿಂಗ್ವುಡೈಟ್ ಮಾಡಬೇಕಿತ್ತು.

ನನ್ನ ಬಗ್ಗೆ ಎರಡ ಮಾತು. ನಾವು ಬಾಗಲಕೋಟಿಯವರು, ಅಪ್ಪ ಪತ್ತಾರಿಕಿ ಮಾಡ್ತಾರ, ಹಳೆ ಊರು ಹಿನ್ನೀರಿನ್ಯಾಗ ಹೋದ ಮ್ಯಾಲ ನವನಗರಕ್ಕ ಬಂದ್ವಿ. ಧಾರವಾಡದಾಗ ಜಿಯಾಲಜಿ ಎಮ್ಮೆಸ್ಸಿ, ಬಾದಾಮಿ ಕಲಾದಗಿ ಇಳಕಲ್ಲ ಎಲ್ಲಾ ಫೀಲ್ಡಿಗೆ ಅಡ್ಡಾಡಿದ್ದೆ, ಆಮ್ಯಾಲ ಪಿಎಚ್‌ಡಿಗೆ ಜರ್ಮನಿಗೆ ಹೋದೆ. ಹೋಗೂತನ ನನಗ ಇಂಥಾ ಲ್ಯಾಬ್ ಅಂದ್ರ ದೊಡ್ಡ ಮಷೀನು, ಬಟನ್ನು, ಸ್ಕ್ರೀನು ಅಂತ ತಲಿಯಾಗ ಇತ್ತು. ಹೋಗಿ ನೋಡಿದ್ರ ಮೊದಲ ಕೈಗೆ ಕೊಟ್ಟಿದ್ದು ಒಂದ ಚಿಮಟಾ, ಒಂದ ಮೈಕ್ರೋಸ್ಕೋಪು, ಅಂಟು. ಮಷೀನು ದೊಡ್ಡದ ಐತಿ ಬಿಡ್ರಿ, ಆದ್ರ ಕೆಲಸದಾಗಿನ ಬಹಳ ಪಾಲು ಮಿಲಿಮೀಟರ್ ಸಾಮಾನು ಕೈಲೆ ಮಾಡೋದು. ಅಪ್ಪನ ಬಾಜೂಕ ಕುಂತು ಕಲತಿದ್ದು, ಚಿಮಟಾ ಹಿಡಿಯೂವಾಗ ಉಸರ ಬಿಗಿ ಹಿಡೀಬಾರದು, ಮಣಕಟ್ಟು ಮೇಜಿಗೆ ಊರಬೇಕು ಅನ್ನೋದು, ಅಲ್ಲಿ ಉಪಯೋಗಕ್ಕ ಬಂತು.

ಮೊದಲ ಪುಡಿ. ಮ್ಯಾಗ್ನೀಸಿಯಮ್ ಆಕ್ಸೈಡು, ಸಿಲಿಕಾ, ಕಬ್ಬಿಣದ ಆಕ್ಸೈಡು, ಮೂರನ್ನೂ ಲೆಕ್ಕದ ಪ್ರಕಾರ ತೂಗಿ, ನೀರಿನ ಸಲುವಾಗಿ ಬ್ರೂಸೈಟ್ ಸೇರಸ್ತೀವಿ. ಬ್ರೂಸೈಟ್ ಅಂದ್ರ ಮ್ಯಾಗ್ನೀಸಿಯಮ್ ಹೈಡ್ರಾಕ್ಸೈಡು, ಕೈಯಾಗ ಹಿಡಿದ್ರ ಒಣಾ ಪುಡಿ, ಕಾಸಿದ್ರ ನೀರ ಬಿಡತೈತಿ. ಹನಿ ನೀರು ಹಾಕೋದಕ್ಕಿಂತ ಇದ ಚಲೋ, ತೂಕ ಪಕ್ಕಾ ಸಿಗತೈತಿ. ಎಲ್ಲಾ ಕೂಡಿಸಿ ಅಗೇಟ್ ಕಲ್ಲಿನ ಖಲಬತ್ತಿನ್ಯಾಗ ಆಲ್ಕೋಹಾಲ್ ಹಾಕಿ ಅರೀಬೇಕು, ಬೆರಳಿಗೆ ಕಾಳ ಹತ್ತಬಾರದು, ಅಲ್ಲಿ ತನಕ ಅರೀಬೇಕು, ರಟ್ಟಿ ಬಿದ್ದ ಹೋಗತಾವ. ಆಮ್ಯಾಲ ಆ ಪುಡಿನ ಎರಡ ಮಿಲಿಮೀಟರಿಗಿಂತ ಸಣ್ಣ ಪ್ಲಾಟಿನಮ್ ನಳಗಿಯಾಗ ತುಂಬಿ ಎರಡೂ ಬಾಯಿ ಬೆಸಗಿ ಹಾಕಬೇಕು. ಬೆಸಗಿ ಹಾಕೂವಾಗ ಕಾವು ಒಳಗಿನ ಪುಡಿಗೆ ಹತ್ತಿದ್ರ ನೀರು ಮೊದಲ ಹಾರಿ ಹೋಗತೈತಿ, ಅದಕ್ಕ ನಳಗಿನ ತಣ್ಣಗ ಇಟ್ಟಗೊಂಡ ಆರ್ಕ್ ಕೊಡತೀವಿ. ಮುಗದ ಮ್ಯಾಲ ತೂಕ ಹಚ್ಚಿ, 110 ಡಿಗ್ರಿ ಓವನ್ನಿನ್ಯಾಗ ಇಟ್ಟು, ಮತ್ತ ತೂಕ. ತೂಕ ಇಳದಿದ್ರ ಎಲ್ಲೋ ಸೂಜಿಮೊನಿಯಷ್ಟು ತೂತು ಐತಿ ಅಂತ ಅರ್ಥ, ಆ ನಳಗಿ ಬಾದ.

ವಿಡಿಯೋ ಕಾಲಿನ್ಯಾಗ ಅಪ್ಪಗ ಈ ಬೆಸಗಿ ತೋರಿಸಿದಾಗ ಅವರು ಕೇಳಿದ್ದು ಮ್ಯಾಂಟಲಿನ ಸುದ್ದಿ ಅಲ್ಲ. "ಪ್ಲಾಟಿನಮ್ ಎಷ್ಟ ಗ್ರಾಂ ಹತ್ತತೈತಿ, ಕೆಲಸ ಆದ ಮ್ಯಾಲ ತುಕಡಿ ಯಾರಿಗೆ ಕೊಡ್ತಾರ?" ಅಂದ್ರು. ತುಕಡಿ ಎಲ್ಲಾ ಡಬ್ಬಿಯಾಗ ಕೂಡಿಟ್ಟು ತೂಕ ಬರದು ಇಡ್ತಾರ ಅಂತ ಹೇಳಿದ ಮ್ಯಾಲ ಅವರಿಗೆ ಆ ಲ್ಯಾಬಿನ ಮ್ಯಾಲ ಗೌರವ ಬಂತು. ಪ್ಲಾಟಿನಮ್ಮಿಂದ ಒಂದ ತ್ರಾಸ ಐತಿ, ಅದು ಕಾವಿನ್ಯಾಗ ಪುಡಿಯೊಳಗಿನ ಕಬ್ಬಿಣ ಎಳಕೋತೈತಿ, ಅದಕ್ಕ ಹರಳಿನ ಅಳತಿ ಅಂಚಿನ್ಯಾಗ ಮಾಡಂಗಿಲ್ಲ, ನಡಬರಕ ಮಾಡಬೇಕು. ಇದನ್ನೂ ಹೇಳಿದೆ, ಅಪ್ಪ ತಕ್ಷಣ, ಬೆರಕಿ ಆದ್ರ ಕರಗೋ ಕಾವೂ ಬದಲಾಗತೈತಲ್ಲ ಅಂದ್ರು. ನಮ್ಮ ಗೈಡು ಕೇಳಬೇಕಾದ ಪ್ರಶ್ನಿ ಅದು.

ಬೆಸಗಿ ಹಾಕಿದ ಈ ನಳಗಿಗೆ ಕ್ಯಾಪ್ಸೂಲ್ ಅಂತೀವಿ, ಮುಂದ ಅದಕ್ಕ ಮನಿ ಕಟ್ಟಬೇಕು. ಎಂಟು ಮಾರಿ ಇರೋ ಆಕ್ಟಾಹೆಡ್ರನ್, ಅಂದ್ರ ಎರಡು ಪಿರಮಿಡ್ ಬುಡಕ್ಕ ಬುಡಾ ಹಚ್ಚಿದಂಗ, ಅಂಚು 10 ಮಿಲಿಮೀಟರು, ಮ್ಯಾಗ್ನೀಸಿಯಮ್ ಆಕ್ಸೈಡಿನದು, ಸ್ವಲ್ಪ ಕ್ರೋಮಿಯಮ್ ಆಕ್ಸೈಡು ಬೆರಸಿರತಾರ ಕಾವು ಹೊರಗ ಹೋಗಬಾರದು ಅಂತ. ಅದರ ಒಂದ ಮಾರಿಯಿಂದ ಎದುರಿನ ಮಾರಿಗೆ ಆರಪಾರ ತೂತು ಕೊರದು, ತೂತಿನೊಳಗ ಜಿರ್ಕೋನಿಯಾ ಕೊಳವಿ, ಅದರೊಳಗ ಹೀಟರು, ಅದು ಲ್ಯಾಂಥನಮ್ ಕ್ರೋಮೈಟಿನದು, ಅದರೊಳಗ ಮತ್ತೊಂದ ಮ್ಯಾಗ್ನೀಸಿಯಾ ಕೊಳವಿ, ಆಮ್ಯಾಲ ನಡುವ ನಮ್ಮ ಕ್ಯಾಪ್ಸೂಲು. ಕಾವು ಅಳಿಯಾಕ ಥರ್ಮೋಕಪಲ್ ಬೇಕು, ಎರಡೂ ತಂತಿ ಟಂಗಸ್ಟನ್ ರೀನಿಯಮ್ ಬೆರಕಿದ್ದು, ಆದ್ರ ಬೆರಕಿ ಪ್ರಮಾಣ ಬ್ಯಾರೆ ಬ್ಯಾರೆ, ಕೂದಲಿನಷ್ಟ ತೆಳ್ಳಗ, ಬಾಗಸಿದ್ರ ಪಟ್ ಅಂತ ಮುರೀತಾವ. ಈ ತಂತಿ ಹೀಟರಿಗೆ ಮುಟ್ಟಬಾರದು, ಕ್ಯಾಪ್ಸೂಲಿಗೆ ಹತ್ತಿರ ಇರಬೇಕು, ಅಲ್ಯೂಮಿನಾ ನಳಗಿಯೊಳಗಿಂದ ಹಾಯಬೇಕು. ಸಿರಾಮಿಕ್ ಸಾಮಾನೆಲ್ಲಾ ಮೊದಲ 1000 ಡಿಗ್ರಿಯೊಳಗ ಸುಟ್ಟು ಓವನ್ನಿನ್ಯಾಗ ಇಟ್ಟಿರಬೇಕು, ಇಲ್ಲಂದ್ರ ಗಾಳಿಯೊಳಗಿನ ತೇವ ಹೀರತಾವ, ಮತ್ತ ನೀರಿನ ಪ್ರಯೋಗದಾಗ ಕಳ್ಳ ನೀರು ಒಳಗ ಬಂದ್ರ ಲೆಕ್ಕಾ ಎಲ್ಲಾ ಬೋಗಸ್.

ಇದರ ಸುತ್ತ ಟಂಗಸ್ಟನ್ ಕಾರ್ಬೈಡಿನ ಎಂಟು ಕ್ಯೂಬು. ಒಂದೊಂದರ ಒಂದ ಮೂಲಿ ಸವರಿ ತಗದಿರತಾರ, ಆ ಸವರಿದ ಜಾಗಾ 5 ಮಿಲಿಮೀಟರ್ ಅಂಚಿನ ತ್ರಿಕೋನ. ಎಂಟನ್ನೂ ಕೂಡಿಸಿದ್ರ ನಡುವ ಆಕ್ಟಾಹೆಡ್ರನ್ ಕೂಡೋ ಗುಂಡಿ ಆಗತೈತಿ, ಹೊರಗಿಂದ ನೋಡಿದ್ರ ಒಂದ ದೊಡ್ಡ ಕ್ಯೂಬು. ಈ ವಿನ್ಯಾಸ ಜಪಾನಿನ ಒಸಾಕಾದ ನವೋತೋ ಕವಾಯಿ ಅವರದು, ಅವರೂ ಎಂಡೋ ಅವರೂ ಕೂಡಿ 1970ರಾಗ ಪ್ರಕಟ ಮಾಡಿದ್ರು, ಇವತ್ತಿಗೂ ಎಲ್ಲಾ ಕಡೆ ಕವಾಯಿ ಸೆಲ್ ಅಂತನ ಕರೀತಾರ. ಕ್ಯೂಬಿನ ನಡುವ ಪೈರೋಫಿಲೈಟ್ ಗ್ಯಾಸ್ಕೆಟ್ ಅಂಟಸಬೇಕು, ಬಳಪದಂಗ ಉಗರಲೆ ಕೆರದ್ರ ಬರೋ ಮೆತ್ತನ ಕಲ್ಲು ಅದು. ಒತ್ತಡ ಏರಿದಂಗ ಆ ಕಲ್ಲು ಹರದು ಕ್ಯೂಬಿನ ಸಂದಿಗೆ ಕೂತು ಒಳಗಿನ ಮಾಲನ್ನ ಹೊರಗ ಬಿಡದಂಗ ತಡೀತೈತಿ. ಗ್ಯಾಸ್ಕೆಟ್ ಅಗಲ ದಪ್ಪ ಇವು ಹೆಚ್ಚು ಕಡಿಮಿ ಆದ್ರ ಒಂದೋ ಒತ್ತಡ ಏರಂಗಿಲ್ಲ, ಇಲ್ಲಾ ಸಿಡೀತೈತಿ. ಜನಾ ಪ್ರೆಸ್ಸಿನ ಫೋಟೋ ತಗೊಂಡು ಹೋಗ್ತಾರ, ನನ್ನ ಕೇಳಿದ್ರ ಆ ಪ್ರೆಸ್ಸಿಗಿಂತ ಈ ಬಳಪದ ಪಟ್ಟಿನ ದೊಡ್ಡ ವಿದ್ಯೆ.

ಲೆಕ್ಕಾ ನೋಡ್ರಿ. 5 ಮಿಲಿಮೀಟರ್ ತ್ರಿಕೋನದ ಜಾಗಾ ಸುಮಾರು 11 ಚದರ ಮಿಲಿಮೀಟರು. ಅದರ ಮ್ಯಾಲ 20 ಗಿಗಾಪಾಸ್ಕಲ್ ಅಂದ್ರ ಒಂದೊಂದ ಮಾರಿಗೆ 22 ಟನ್ ಬೀಳಬೇಕು. ಕಾಗದದ ಮ್ಯಾಲ ಅಷ್ಟ ಸಾಕು, ಪ್ರೆಸ್ಸಿನ್ಯಾಗ ಮಾತ್ರ ನೂರಾರು ಟನ್ ಹಾಕಬೇಕಾಗತೈತಿ, ಯಾಕಂದ್ರ ಹೆಚ್ಚಿನ ಜೋರೆಲ್ಲಾ ಗ್ಯಾಸ್ಕೆಟ್ಟು ಮತ್ತ ತಿಕ್ಕಾಟ ತಿಂದು ಹಾಕತಾವ. ನಾ ಬಳಸಿದ್ದು 1000 ಟನ್ನಿನ ಹೈಡ್ರಾಲಿಕ್ ಪ್ರೆಸ್ಸು, ಎರಡಾಳೆತ್ತರ, ಒಳಗ ಆರು ಬೆಣಿಗೋಳು ಕೂಡಿ ನಮ್ಮ ಕ್ಯೂಬನ್ನ ಎಲ್ಲಾ ದಿಕ್ಕಿನಿಂದ ಒತ್ತತಾವ. ಎಂಟು ಕ್ಯೂಬನ್ನ ಫೈಬರ್ ಹಾಳಿಯಿಂದ ಅಂಟಿಸಿ, ಹೀಟರಿಗೆ ಕರೆಂಟು ಮುಟ್ಟೋ ಹಂಗ ತಾಮ್ರದ ಪಟ್ಟಿ ಹಚ್ಚಿ, ಮಲ್ಟಿಮೀಟರಿಂದ ಒಮ್ಮೆ ಚೆಕ್ ಮಾಡಿ, ಒಳಗ ಇಟ್ಟು ಪಂಪು ಚಾಲೂ ಮಾಡಿದ್ರ ಒತ್ತಡ ಏರಾಕ ನಾಕೈದು ತಾಸು ಬೇಕು. ಅವಸರ ಮಾಡಂಗಿಲ್ಲ. ಆವಾಗ ಏನೂ ಕಾಣಸಂಗಿಲ್ಲ, ಎಣ್ಣಿ ಒತ್ತಡದ ನಂಬರ ಒಂದ ಏರತಿರತೈತಿ.

ಇಲ್ಲಿ ಮಾಮಾನ ಪ್ರಶ್ನಿ ಮತ್ತ ಬರತೈತಿ, ಒಳಗ 20 ಗಿಗಾಪಾಸ್ಕಲ್ ಐತಿ ಅಂತ ಯಾರ ಅಳದಾರ? ಆ ಜಾಗಾದಾಗ ಗೇಜ್ ಇಡಾಕ ಆಗಂಗಿಲ್ಲ. ಅದಕ್ಕ ಮೊದಲ ಕ್ಯಾಲಿಬ್ರೇಷನ್ ಮಾಡಿರತಾರ. ಬಿಸ್ಮತ್ ಅನ್ನೋ ಲೋಹ 2.55 ಗಿಗಾಪಾಸ್ಕಲ್ಲಿಗೆ ರೂಪ ಬದಲಸತೈತಿ, 7.7ಕ್ಕ ಇನ್ನೊಮ್ಮೆ, ಸತುವಿನ ಸಲ್ಫೈಡು 15ರ ಮ್ಯಾಲ ಸ್ವಲ್ಪಕ್ಕ ಲೋಹದಂಗ ಕರೆಂಟು ಬಿಡಾಕ ಹತ್ತತೈತಿ, ಗ್ಯಾಲಿಯಮ್ ಫಾಸ್ಫೈಡು 23ರ ಆಸುಪಾಸು. ಅವನ್ನ ಒಳಗಿಟ್ಟು ಒತ್ತಿಕೋತ ಹೋಗಿ, ರೆಸಿಸ್ಟೆನ್ಸ್ ದಬ್ ಅಂತ ಬಿದ್ದಾಗ ಎಣ್ಣಿ ಒತ್ತಡ ಎಷ್ಟಿತ್ತು ಬರಕೊಂಡು ಗ್ರಾಫ್ ಹಾಕಿರತಾರ. ಅದ ಅಳತಿಪಟ್ಟಿ. ಹಂಗಾರ ಬಿಸ್ಮತ್ತಿನ 2.55 ಯಾರ ಹೇಳಿದ್ರು ಅಂದ್ರ ಅದರ ಹಿಂದ ಇನ್ನೊಂದ ಅಳತಿ, ಅದರ ಹಿಂದ ಇನ್ನೊಂದು, ಕೊನಿಗೆ ಉಪ್ಪೋ ಬಂಗಾರನೋ ಮ್ಯಾಗ್ನೀಸಿಯಾನೋ ಎಷ್ಟ ಒತ್ತಿದ್ರ ಎಷ್ಟ ಕುಗ್ಗತೈತಿ ಅನ್ನೋ ಲೆಕ್ಕಕ್ಕ ಹೋಗಿ ನಿಲ್ಲತೈತಿ. ಜಪಾನಿನ ಸ್ಪ್ರಿಂಗ್-8 ಸಿಂಕ್ರೋಟ್ರಾನ್, ಅಂದ್ರ ಭಾಳ ಜೋರಿನ ಎಕ್ಸ್‌ರೇ ಹುಟ್ಟಸೋ ದೊಡ್ಡ ಮಷೀನು, ಅಂಥಾ ಕಡೆ ಪ್ರೆಸ್ಸಿನ ಒಳಗ ಎಕ್ಸ್‌ರೇ ಬಿಟ್ಟು, ಬಿಸಿ ಇದ್ದಾಗನ ಆ ಕುಗ್ಗಿದ್ದನ್ನ ನೇರ ನೋಡ್ತಾರ. ಅಂದ್ರ ನಮ್ಮ 20 ಅನ್ನೋ ನಂಬರಿನ ಮ್ಯಾಲ ಅರ್ಧ ಗಿಗಾಪಾಸ್ಕಲ್ ಆಚೆ ಈಚೆ ಇರತೈತಿ, ಆಳದ ಲೆಕ್ಕಾದಾಗ ಅದು ಹತ್ತ ಹದಿನೈದು ಕಿಲೋಮೀಟರು. ಪೇಪರಿನ್ಯಾಗ ಇದನ್ನ ಬರೀತೀವಿ, ವಾಟ್ಸಾಪಿಗೆ ಬರೂದರಾಗ ಆ ಆಚೆ ಈಚೆ ಉದುರಿ ಹೋಗಿರತೈತಿ.

ಒತ್ತಡ ಮುಟ್ಟಿದ ಮ್ಯಾಲ ಕಾವು. ಮ್ಯಾಲಿನ ಕ್ಯೂಬಿನಿಂದ ಕೆಳಗಿನ ಕ್ಯೂಬಿಗೆ ಹೀಟರಿನ ಮೂಲಕ ಕರೆಂಟು ಹಾಯಸತೀವಿ, ಕೆಲವು ನೂರು ವ್ಯಾಟು, ಮನಿಯಾಗಿನ ಮಿಕ್ಸರಿಗೆ ಹತ್ತೋ ಅಷ್ಟ. ಅಷ್ಟರಾಗ 1400 ಡಿಗ್ರಿ, ಯಾಕಂದ್ರ ಕಾಸೋ ಜಾಗಾ ಅಷ್ಟ ಸಣ್ಣದು. ಅಪ್ಪನ ಮೂಸಿಯಾಗ ಬಂಗಾರ 1064ಕ್ಕ ಕರಗತೈತಿ, ಇಲ್ಲಿ ಅದಕ್ಕಿಂತ ಮುನ್ನೂರು ಡಿಗ್ರಿ ಮ್ಯಾಲ, ಹೊರಗ ಪ್ರೆಸ್ಸಿನ ಕಬ್ಬಿಣ ಮುಟ್ಟಿದ್ರ ತಣ್ಣಗ, ನೀರು ಹರೀತಿರತೈತಿ. ಥರ್ಮೋಕಪಲ್ ನಡಬರಕ ಕೈ ಕೊಡೋದು ಮಾಮೂಲು. ಒಂದ ಸಲ ನಂದು 900 ಡಿಗ್ರಿಗೆ ಕಟ್ ಆತು, ಸ್ಕ್ರೀನಿನ್ಯಾಗ ಕಾವು ಹುಚ್ಚುಚ್ಚ ಕುಣೀತು. ಆವಾಗ ಹಳೆ ರನ್ನುಗೋಳಾಗ ಎಷ್ಟ ವ್ಯಾಟಿಗೆ ಎಷ್ಟ ಡಿಗ್ರಿ ಬಂದಿತ್ತು ಅನ್ನೋ ಚಾರ್ಟು ನೋಡಿ ವ್ಯಾಟಿನ ಮ್ಯಾಲನ ನಡಸಬೇಕು, ಐವತ್ತ ಡಿಗ್ರಿ ಆಚೆ ಈಚೆ ಒಪ್ಪಿಕೋಬೇಕು. ಅಂಥಾ ಲೆಕ್ಕಾದ ಪುಸ್ತಕ ಇಟ್ಟ ಹಿರಿಯರಿಗೆ ಆವತ್ತ ಮನಸನ್ಯಾಗ ಕೈ ಮುಗದೆ. ತಾಸುಗಟ್ಲೆ ಹಂಗ ಹಿಡದು ಇಡಬೇಕು, ಹರಳು ಬೆಳೀಬೇಕಲ್ಲ.

ಆಮ್ಯಾಲ ಕ್ವೆಂಚ್. ಕರೆಂಟು ಒಮ್ಮೆಲೆ ಕಟ್ ಮಾಡೋದು, ಅಷ್ಟ. ಸಾವಿರದ ನಾಕನೂರು ಡಿಗ್ರಿ ಒಂದೆರಡು ಸೆಕೆಂಡಿನ್ಯಾಗ ಇನ್ನೂರರ ಕೆಳಗ ಬರತೈತಿ. ಇಡೀ ಪ್ರಯೋಗದ ಗುಟ್ಟು ಇಲ್ಲಿ ಐತಿ. ನಿಧಾನಕ್ಕ ತಣ್ಣಗ ಮಾಡಿ ನಿಧಾನಕ್ಕ ಒತ್ತಡ ಬಿಟ್ಟರ ಅಣುಗೋಳು ತಿರಗಿ ಹಳೆ ಆಲಿವೀನಿನ ಜೋಡಣಿಗೆ ಹೋಗತಾವ, ಕೈಗೆ ಬರೋದು ಮೊದಲಿನ ಕಲ್ಲ. ಒಮ್ಮೆಲೆ ತಣಿಸಿದ್ರ ತಿರಗಾಕ ಶಕ್ತಿ ಸಿಗದ ಹಂಗ ಸಿಕ್ಕೊಂಡ ಬಿಡತಾವ, ಒತ್ತಡ ಬಿಟ್ಟ ಮ್ಯಾಲೂ ಮ್ಯಾಲಿನ ಲೋಕದಾಗ ಉಳೀತಾವ. ಎಲ್ಲಾ ಖನಿಜ ಹಂಗ ಉಳಿಯಂಗಿಲ್ಲ ಮತ್ತ, ಮ್ಯಾಂಟಲಿನ ತಳದಾಗಿನ ಪೋಸ್ಟ್ ಪೆರೋವ್ಸ್ಕೈಟ್ ಅಂತ ಒಂದ ಐತಿ, 2004ರಾಗ ಜಪಾನಿನವರು ವಜ್ರದ ಎರಡ ಮೊನಿ ನಡುವ 125 ಗಿಗಾಪಾಸ್ಕಲ್ ಮ್ಯಾಲ ಒತ್ತಿ ಕಂಡಿದ್ದು, ಅದು ಒತ್ತಡ ಬಿಟ್ಟರ ಉಳಿಯಂಗಿಲ್ಲ, ಒತ್ತಿದ್ದಾಗನ ಎಕ್ಸ್‌ರೇ ಹಾಕಿ ನೋಡಬೇಕು. ರಿಂಗ್ವುಡೈಟ್ ಆ ಮಟ್ಟಿಗೆ ಒಳ್ಳೇದು, ಕೈಗೆ ಬರತೈತಿ.

ಕಾವು ಹೋತು ಅಂತ ಮನಿಗೆ ಹೋಗಂಗಿಲ್ಲ. ಒತ್ತಡ ಇಳಸಾಕ ಏರಿಸಿದ್ದಕ್ಕಿಂತ ಹೆಚ್ಚಿನ ಹೊತ್ತ ಬೇಕು, ಹನ್ನೆರಡು ಹದಿನೈದು ತಾಸು, ರಾತ್ರಿಪೂರ್ತಿ ಕಂಪ್ಯೂಟರಿಗೆ ಬಿಟ್ಟಿರತೀವಿ. ಸಿಡಿಯೋದು ಆವಾಗ. ಗ್ಯಾಸ್ಕೆಟ್ಟಿನೊಳಗ ತುಂಬಿದ ಬಿಗಿ ಒಮ್ಮೆಲೆ ಬಿಟ್ಟುಕೊಂಡ್ರ ಇಡೀ ಬಿಲ್ಡಿಂಗಿಗೆ ಕೇಳೋ ಹಂಗ ಢಂ ಅಂತೈತಿ, ಅದಕ್ಕ ಬ್ಲೋಔಟ್ ಅಂತಾರ. ನಂದೂ ಒಮ್ಮೆ ಆತು, ಬಾಜೂ ರೂಮಿನ್ಯಾಗ ಚಾ ಕುಡೀತಿದ್ದೆ, ಚಾ ಮೈಮ್ಯಾಲ. ಪ್ರೆಸ್ಸಿಗೆ ಏನೂ ಆಗಂಗಿಲ್ಲ, ಗಾರ್ಡು ಇರತೈತಿ, ಆದ್ರ ಕ್ಯೂಬು ಎರಡ ಹೋಳಾಗಿದ್ವು, ಪ್ಲಾಟಿನಮ್ ಚಪ್ಪಟಿ ಆಗಿ ಒಳಗಿನ ಮಾಲು ಎಲ್ಲಿ ಹೋತೋ ಗೊತ್ತಿಲ್ಲ. ಅಲ್ಲಿಯ ಟೆಕ್ನಿಷಿಯನ್ ಒಬ್ಬರು ಬಂದು ನೋಡಿ, ಇದು ಗ್ಯಾಸ್ಕೆಟ್ಟಿಂದಲ್ಲ, ಕ್ಯೂಬಿನ ವಯಸ್ಸಾಗಿತ್ತು ಅಂದ್ರು. ಕ್ಯೂಬು ಎಷ್ಟ ಸಲ ಒತ್ತಿಸಿಕೊಂಡಾವ ಅಂತ ಪಟ್ಟಿ ಇಡತೀವಿ, ಒಳಗಿನ ಸಣ್ಣ ಬಿರುಕು ಮಾತ್ರ ಕಣ್ಣಿಗೆ ಕಾಣಂಗಿಲ್ಲ.

ಚಲೋ ಆದ ರನ್ನು ತಗದಾಗ ಕ್ಯೂಬುಗೋಳು ಒಂದಕ್ಕೊಂದು ಕಚ್ಚಿಕೊಂಡಿರತಾವ, ಬಡದು ಬಿಡಿಸಬೇಕು. ನಡುವ ಹಿಂಡಿ ಹೋದ ಆಕ್ಟಾಹೆಡ್ರನ್, ಅದನ್ನ ಚಾಕೂಲೆ ಒಡದ್ರ ಕ್ಯಾಪ್ಸೂಲು. ಒಂದ ತುದಿ ಸೂಜಿಲೆ ಚುಚ್ಚಿದಾಗ ನೀರಿನ ಹಸಿ ಕಂಡ್ರ ಶುಭ, ಒಳಗ ನೀರು ಸೋರದ ಉಳದಿತ್ತು ಅಂತ ಗೊತ್ತಾಗತೈತಿ. ಆಮ್ಯಾಲ ಎಪಾಕ್ಸಿಯಾಗ ಕೂಡಿಸಿ, ಕಾಗದದ ಮ್ಯಾಲ ತಿಕ್ಕಿ, ವಜ್ರದ ಪೇಸ್ಟಿನ್ಯಾಗ ಪಾಲಿಶ್ ಮಾಡಿ ಮೈಕ್ರೋಸ್ಕೋಪಿನ ಕೆಳಗ ಇಟ್ಟೆ. ನೀಲಿ! ಹಾಕಿದ್ದು ಬೂದು ಬಣ್ಣದ ಪುಡಿ, ಬಂದಿದ್ದು ಇಂಕಿನಂಥಾ ನೀಲಿ ಹರಳು. ಆ ನೀಲಿ ಬರೋದು ಒಳಗಿನ ಕಬ್ಬಿಣದಿಂದ, ಕಬ್ಬಿಣ ಇಲ್ಲದ ರಿಂಗ್ವುಡೈಟಿಗೆ ಬಣ್ಣ ಇಲ್ಲ. ಬಣ್ಣ ನೋಡಿ ಕುಣಿದಿದ್ದಾತು, ಆದ್ರ ಬಣ್ಣ ಪುರಾವೆ ಅಲ್ಲ, ರಾಮನ್ ಹಚ್ಚಬೇಕು, ಅಂದ್ರ ಲೇಸರ್ ಬಿಟ್ಟು ಚದರಿ ಬಂದ ಬೆಳಕಿನಿಂದ ಖನಿಜದ ಗುರ್ತ ಹಿಡಿಯೋದು. ನಮ್ಮ ಸಿ. ವಿ. ರಾಮನ್ ಅವರ ಅದ ರಾಮನ್, ಅಲ್ಲಿ ದಿನಾ ಆ ಹೆಸರು ಕೇಳಾಕ ಏನೋ ಖುಷಿ. ಹಸಿರ ಲೇಸರ್ ಬಿಟ್ರ ಗ್ರಾಫಿನ್ಯಾಗ ಆಲಿವೀನ್ 824 ಮತ್ತ 856ರಾಗ (ಒಂದ ಸೆಂಟಿಮೀಟರಿಗೆ ಎಷ್ಟ ತೆರಿ ಅನ್ನೋ ಲೆಕ್ಕದಾಗ) ಜೋಡಿ ಗೋಪುರ ತೋರಸತೈತಿ, ವಾಡ್ಸ್ಲಿಯೈಟ್ 723, 918, ರಿಂಗ್ವುಡೈಟ್ 795, 840ರ ಹತ್ರ. ನಂದು ಎಲ್ಲಾ ಕಡೆ 795 ಕೊಟ್ಟಿತು.

ನೀರಿಂದು ಇನ್ನೊಂದ ಮಷೀನು, ಇನ್‌ಫ್ರಾರೆಡ್. ಹರಳನ್ನ ಎರಡೂ ಕಡೆಯಿಂದ ತಿಕ್ಕಿ ಬೆಳಕ ಹಾಯೋ ಅಷ್ಟ ತೆಳ್ಳಗ ಮಾಡಿ ನೋಡಿದ್ರ ಅದ ಲೆಕ್ಕದಾಗ 3100-3200ರ ಆಸುಪಾಸು ಅಗಲಾನ ಗುಡ್ಡ ಬಂತು, ಅದು ಆಕ್ಸಿಜನ್ ಹೈಡ್ರೋಜನ್ ಜೋಡಿ ಅಳ್ಳಾಡೋ ಗುರ್ತು. ಲೆಕ್ಕಾ ಹಾಕಿದ್ರ ತೂಕದಾಗ ಒಂದರಿಂದ ಎರಡು ಪರ್ಸೆಂಟ್ ನಡುವ ನೀರು. ಹರಳಿನೊಳಗ ಹನಿ ಇಲ್ಲ, ಸಂದಿಯಾಗ ತೇವ ಇಲ್ಲ, ಮ್ಯಾಗ್ನೀಸಿಯಮ್ ಇರಬೇಕಾದ ಖಾಲಿ ಜಾಗಾದಾಗ ಹೈಡ್ರೋಜನ್ ಕುಂತಿರತೈತಿ. ಇದನ್ನ ಮಾಮಾಗ ಹೇಳಾಕ ಭಾಳ ತಿಣಕಾಡಿ ಕೊನಿಗೆ, "ಮಾಮಾ, ಎಪಿಎಂಸಿಯಾಗ ಜ್ವಾಳದ ತೇವ ಮೀಟರ್ ಹಚ್ಚಿ ಇಷ್ಟ ಪರ್ಸೆಂಟ್ ಅಂತಾರಲ್ರಿ, ಆ ಜ್ವಾಳ ಹಿಂಡಿದ್ರ ತಂಬಿಗಿ ತುಂಬತೈತೇನ್ರಿ?" ಅಂದೆ. ಮಾಮಾ ಸ್ವಲ್ಪ ಹೊತ್ತ ಸುಮ್ನ ಕುಂತು, "ಹಂಗಾರ ಸಮುದ್ರ ಅಂತ ಯಾಕ ಬರದಾರ ಹಲ್ಕಟ್ಟರು?" ಅಂದ್ರು. ಬರದವರು ಪೂರ್ತಿ ಸುಳ್ಳೂ ಹೇಳಿಲ್ಲ. 410ರಿಂದ 660ರ ನಡುವಿನ ಕಲ್ಲಿನ ರಾಶಿ ಎಷ್ಟೈತಿ ಅಂದ್ರ ಅದರಾಗ ಎಲ್ಲಾ ಕಡೆ ಒಂದೊಂದ ಪರ್ಸೆಂಟ್ ನೀರಿದ್ರೂ ಮ್ಯಾಲಿನ ಎಲ್ಲಾ ಸಮುದ್ರ ಕೂಡಿಸಿದ್ದಕ್ಕಿಂತ ಎರಡು ಪಟ್ಟು ದಾಟತೈತಿ. ಎಲ್ಲಾ ಕಡೆ ಐತೋ ಇಲ್ಲೋ ಅನ್ನೋದ ಜಗಳ.

ಮತ್ತ ಯಾರ ನೋಡ್ಯಾರ ಅನ್ನೋದಕ್ಕೂ ಉತ್ತರ ಐತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟೆನ್ಹ್ಯಾಮ್ ಅನ್ನೋ ಕಡೆ 1879ರಾಗ ಉಲ್ಕೆ ಬಿತ್ತು, ಆಕಾಶದಾಗ ಬಂಡಿಗಲ್ಲಿಗೆ ಬಂಡಿಗಲ್ಲು ಡಿಕ್ಕಿ ಹೊಡದಾಗಿನ ಒತ್ತಡಕ್ಕ ಅದರಾಗ ಇದ ಖನಿಜ ಹುಟ್ಟಿತ್ತು, 1969ರಾಗ ಗುರ್ತ ಹಿಡದು ಭೂಮಿಯ ಆಳದ ಖನಿಜಗೋಳ ವಿಜ್ಞಾನಿ ಟೆಡ್ ರಿಂಗ್ವುಡ್ ಅವರ ಹೆಸರಿಟ್ರು. ಅದ ಉಲ್ಕೆಯೊಳಗನ ಬ್ರಿಜ್ಮನೈಟೂ ಸಿಕ್ಕು 2014ರಾಗ ಹೆಸರು ಪಡೀತು, 1946ರ ಭೌತಶಾಸ್ತ್ರದ ನೊಬೆಲ್ ಪಡದ ಪರ್ಸಿ ಬ್ರಿಜ್ಮನ್ ಅವರದು, ಒತ್ತಡದ ಕೆಲಸದ ಹಿರಿತಲಿ. ಭೂಮಿಯೊಳಗ ಎಲ್ಲಾಕ್ಕಿಂತ ಹೆಚ್ಚಿರೋ ಖನಿಜ ಅದು, ಆದ್ರ ಹೆಸರು ಸಿಗಾಕ ಆಕಾಶದಿಂದ ಬೀಳಬೇಕಾತು ನೋಡ್ರಿ. ಭೂಮಿಯದ ಅಂದ್ರ ಅದೂ 2014, ಬ್ರೆಝಿಲ್ಲಿನ ಜುಯಿನಾದ ವಜ್ರದೊಳಗ ಕೂದಲಿಗಿಂತ ಸಣ್ಣ ರಿಂಗ್ವುಡೈಟ್ ಚೂರು, ಗ್ರಹಾಂ ಪಿಯರ್ಸನ್ ತಂಡ ಅಳದಾಗ ಹತ್ರ ಹತ್ರ ಒಂದೂವರಿ ಪರ್ಸೆಂಟ್ ನೀರು. ಅಲ್ಲಿ ಲ್ಯಾಬಿನವರು ದಶಕಗಟ್ಲೆ ಹೇಳ್ತಾ ಬಂದಿದ್ದು ಕೆಳಗಿಂದ ಮ್ಯಾಲ ಬಂದ ಚೂರಿನ್ಯಾಗ ಕಂಡಿತು. ಆದ್ರ ಒಂದ ಚೂರು. ಒಂದ ಚೂರು ನೋಡಿ ಇಡೀ ಪದರ ಒದ್ದಿ ಅನ್ನೋದು ನನಗ ಒಪ್ಪಿಗಿ ಇಲ್ಲ, ವಜ್ರ ಬೆಳಿಯೋ ಜಾಗಾನ ಬ್ಯಾರೆ ಇರಬಹುದು, ನೀರು ಹೆಚ್ಚಿದ್ದಲ್ಲೇ ವಜ್ರ ಬೆಳೀತೈತಿ ಅಂತ ಅನ್ನೋರೂ ಅದಾರ.

ಜಗಳ ಬಗಿಹರಿಬೇಕಂದ್ರ ಕಾವು ಹೆಚ್ಚಾದಂಗ ರಿಂಗ್ವುಡೈಟ್ ಎಷ್ಟ ನೀರು ಹಿಡದಿಟ್ಟುಕೋತೈತಿ ಅನ್ನೋದು ಪಕ್ಕಾ ಗೊತ್ತಾಗಬೇಕು. 1400 ಡಿಗ್ರಿ ಅಲ್ಲಿಯ ಕಾವಿಗಿಂತ ಸ್ವಲ್ಪ ಕಡಿಮಿನ, ಖರೇ ಕಾವು 1500-1600ರ ಕಡೆ. ಕಾವು ಏರಿದಂಗ ನೀರು ಹಿಡಿಯೋ ಶಕ್ತಿ ಕಡಿಮಿ ಆಗತೈತಿ, ಪಕ್ಕದಾಗ ಕರಗಿದ ಕಲ್ಲು ಹುಟ್ಟಿ ನೀರೆಲ್ಲಾ ಅದು ಕುಡೀತೈತಿ. ಅದಕ್ಕ ಮುಂದಿನ ಸರಣಿ 1600 ಡಿಗ್ರಿದು. ಹೀಟರಿನ ಗೋಡಿ ದಪ್ಪ ಬದಲಸಬೇಕು, ಕ್ಯಾಪ್ಸೂಲ್ ಬೆಸಗಿಗೆ ಹೊಸಾ ತಿರುಗೋ ಸ್ಟ್ಯಾಂಡ್ ಬಂದೈತಿ ಅಂತ ಮೇಲ್ ಬಂತು.

ಜಿಯಾಲಜಿ ಓದೋ ಹುಡುಗ ಹುಡುಗ್ಯಾರು ಮೆಸೇಜ್ ಮಾಡ್ತಿರತೀರಿ, ಇದಕ್ಕ ಏನ ಕಲೀಬೇಕು ಅಂತ. ಥರ್ಮೋಡೈನಮಿಕ್ಸ್ ಪುಸ್ತಕ ಬಿಡಬ್ಯಾಡ್ರಿ, ಫೇಸ್ ಡಯಾಗ್ರಾಮ್ ಪರೀಕ್ಷಾಕ್ಕ ಬಾಯಿಪಾಠ ಮಾಡೋದು ಬಿಟ್ಟು ಕೈಲೆ ಬಿಡಿಸಿ ತಿಳಕೋರಿ, ಮತ್ತ ಸೂಟಿಯಾಗ ಲೇತ್ ಮಷೀನಿನ ಅಂಗಡಿಯಾಗೋ ಪತ್ತಾರರ ಕಡೆನೋ ಒಂದ ತಿಂಗಳು ಕುಂದರ್ರಿ. ಎರಡನೇದಕ್ಕ ಯಾವ ಯುನಿವರ್ಸಿಟಿನೂ ಮಾರ್ಕ್ಸ್ ಕೊಡಂಗಿಲ್ಲ, ಲ್ಯಾಬಿನ್ಯಾಗ ಮೊದಲ ವಾರದಾಗ ಅದನ್ನ ನೋಡ್ತಾರ.